1972ರ ಶೆವ್ರೊಲೆ ಸಿ-10 ಪಿಕಪ್: ಕ್ಯಾಬ್ ಒಳಗಡೆ ಪೂರ್ತಿ ಬಿಚ್ಚಬೇಕು, ಎಲ್ಲಿಂದ ಶುರು ಮಾಡ್ಲಿ?

ಪ್ಲೇನೋ72:

ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಹತ್ರ ಪ್ಲೇನೋದಲ್ಲಿದೀನಿ. ತುಂಬಾ ದಿನದ ಆಸೆ ಇತ್ತು, ಈ ಸಲ ಒಂದು 1972ರ ಸಿ-10 ತಗೊಂಡೆ. ಶಾರ್ಟ್ ಬೆಡ್ (ಹಿಂದಿನ ಸಾಮಾನಿನ ತೊಟ್ಟಿ ಗಿಡ್ಡದ್ದು), ಫ್ಲೀಟ್‌ಸೈಡ್ (ತೊಟ್ಟಿಯ ಪಕ್ಕ ಸಪಾಟು), ಕಸ್ಟಮ್ ಡಿಲಕ್ಸ್ ಟ್ರಿಮ್, 350 ವಿ8 ಎಂಜಿನ್, ಟರ್ಬೊ 350 ಆಟೊಮ್ಯಾಟಿಕ್ ಗೇರ್ ಬಾಕ್ಸ್. ಎಂಜಿನ್ ಗೇರ್ ಬಾಕ್ಸ್ ಎರಡೂ ಚೆನ್ನಾಗಿದೆ, ಹೊರಗಿನ ಪೇಂಟ್ ಮಾಸಿದೆ ಆದ್ರೆ ಆ ಮಾಸಿದ ಬಣ್ಣನೇ ನಂಗಿಷ್ಟ, ಅದನ್ನ ಮುಟ್ಟಲ್ಲ. ತೊಂದ್ರೆ ಎಲ್ಲಾ ಒಳಗಡೆನೇ.

ಬೆಂಚ್ ಸೀಟ್ ಹರಿದು ಸ್ಪ್ರಿಂಗ್ ಮೇಲೆ ಬಂದಿದೆ, ಡ್ಯಾಶ್ ಪ್ಯಾಡ್ ಸೀಳಿದೆ, ನೆಲದ ರಬ್ಬರ್ ಮ್ಯಾಟ್ ಎತ್ತಿದ್ರೆ ಅಡಿ ಒದ್ದೆ, ಪ್ಯಾಸೆಂಜರ್ ಕಡೆ ಜಾಸ್ತಿ. ಟ್ಯಾಂಕ್ ಫುಲ್ ಮಾಡ್ಸಿದ ದಿನ ಕ್ಯಾಬ್ ಒಳಗೆ ಪೆಟ್ರೋಲ್ ವಾಸನೆ, ಮತ್ತೆ ಫ್ಯೂಯಲ್ ಮುಳ್ಳು ಯಾವಾಗ್ಲೂ ಫುಲ್ ದಾಟಿ ನಿಂತಿರತ್ತೆ. ಎಸಿ ಇಲ್ಲ, ಬರೀ ಹೀಟರ್. ಸೀಟ್ ಬೆಲ್ಟ್ ಸೊಂಟದ್ದು ಮಾತ್ರ. ನನ್ನ ಮಗಳಿಗೆ ಏಳು ವರ್ಷ, ಶನಿವಾರ ಆದ್ರೆ ಟ್ರಕ್ಕಲ್ಲೇ ಹೋಗಣ ಅಂತ ಹಠ ಮಾಡ್ತಾಳೆ, ನಾನು ಇನ್ನೂ ಒಂದ್ಸಲನೂ ಕೂರಿಸಿಲ್ಲ.

ನಂಗೆ ಬೇಕಾಗಿರೋದು ಇಷ್ಟು, ಬಾಗಿಲು ತೆಗೆದ ತಕ್ಷಣ 1972ರ ಗಾಡಿ ಥರಾನೇ ಕಾಣ್ಬೇಕು, ಆದ್ರೆ ಆಗಸ್ಟ್ ತಿಂಗಳಲ್ಲಿ ಓಡಿಸೋ ಹಾಗಿರ್ಬೇಕು, ಮಗಳನ್ನ ಧೈರ್ಯವಾಗಿ ಕೂರಿಸ್ಕೊಳೋ ಹಾಗಿರ್ಬೇಕು, ಫೋನಿಂದ ಹಾಡು ಬರ್ಬೇಕು. ಇಲ್ಲೊಬ್ರು ಪರಿಚಯದವ್ರು ಹಳೇ ಬೆಂಚ್ ಬಿಸಾಕಿ 2000ದ ಆಸುಪಾಸಿನ ಸಿಲ್ವರಾಡೊ (ಶೆವ್ರೊಲೆಯದೇ ಹೊಸ ಕಾಲದ ಪಿಕಪ್) ಸೀಟ್ ಹಾಕು, ಅದ್ರಲ್ಲೇ ಬೆಲ್ಟ್ ಇರತ್ತೆ ಅಂದ್ರು. ನಾನಂತೂ ಸೀಟ್ ಕವರ್ ಕಿಟ್ ಆರ್ಡರ್ ಮಾಡೋಕೆ ಕೂತಿದ್ದೆ, ಅಷ್ಟ್ರಲ್ಲಿ ಮೊದಲು ಇಲ್ಲಿ ಕೇಳಣ ಅನ್ನಿಸ್ತು. ಯಾವುದು ಮೊದಲು ಯಾವುದು ಆಮೇಲೆ? ವಾರಾಂತ್ಯದಲ್ಲಿ ಮಾತ್ರ ಟೈಮ್ ಸಿಗೋದು, ಅವಸರ ಏನಿಲ್ಲ.

ಹಳೇಕಬ್ಬಿಣ:

ಮೊದಲನೇ ಮಾತು, ಸೀಟ್ ಕವರ್ ಆರ್ಡರ್ ನಿಲ್ಸಿ. ನಾನು ಮಿಷಿಗನ್‌ನಲ್ಲಿದೀನಿ, ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರಲ್ಲ ಅದಕ್ಕೆ ಈ 67ರಿಂದ 72ರವರೆಗಿನ ಕ್ಯಾಬ್‌ಗಳ ತುಕ್ಕು ಬೇಕಾದಷ್ಟು ನೋಡಿದೀನಿ, ಅದ್ರಿಂದ ಹೇಳ್ತೀನಿ. ನಿಮ್ಮ ಪಟ್ಟಿಯಲ್ಲಿ ನೀರು ಮತ್ತೆ ಪೆಟ್ರೋಲ್ ವಾಸನೆ ಎರಡೂ ಮಧ್ಯದಲ್ಲಿ ಬಂದಿದೆ, ಅವೆರಡೂ ಮೇಲೆ ಬರ್ಬೇಕು. ಹೊಸ ಕಾರ್ಪೆಟ್ ಹಾಕಿ ಅದರಡಿ ನೀರು ನಿಂತ್ರೆ ಎರಡೇ ಮಳೆಗಾಲಕ್ಕೆ ನೆಲದ ತಗಡು ಹೋಗತ್ತೆ, ಮೇಲಿಂದ ಏನೂ ಗೊತ್ತಾಗಲ್ಲ.

ನೀರು ಎಲ್ಲಿಂದ ಬರ್ತಿದೆ ಅಂತ ನೋಡೋಕೆ ಸೀಟು ಮ್ಯಾಟು ಎಲ್ಲಾ ತೆಗೆದು ಒಬ್ರು ಟಾರ್ಚ್ ಹಿಡ್ಕೊಂಡು ಒಳಗೆ ಕೂತ್ಕೊಳ್ಳಿ, ಇನ್ನೊಬ್ರು ಹೊರಗಿಂದ ಪೈಪಲ್ಲಿ ನೀರು ಬಿಡ್ಲಿ, ಜೋರಾಗಿ ಅಲ್ಲ ಸಣ್ಣಗೆ, ಕೆಳಗಿಂದ ಶುರು ಮಾಡಿ ನಿಧಾನಕ್ಕೆ ಮೇಲಕ್ಕೆ. ಮೇಲಿಂದಲೇ ಸುರಿದ್ರೆ ಎಲ್ಲಾ ಕಡೆ ಒದ್ದೆ ಆಗಿ ಏನೂ ತಿಳಿಯಲ್ಲ. ಈ ಗಾಡೀಲಿ ಸಾಮಾನ್ಯವಾಗಿ ಸೋರೋದು ವಿಂಡ್‌ಶೀಲ್ಡ್ ಸುತ್ತ ಇರೋ ರಬ್ಬರ್, ಅದ್ರ ಕೆಳಗಡೆ ಗಾಳಿ ಎಳ್ಕೊಳೋ ಕೌಲ್, ಆಮೇಲೆ ಕಾಲ ಹತ್ರ ಪಕ್ಕದಲ್ಲಿರೋ ಕಿಕ್ ಪ್ಯಾನೆಲ್ ವೆಂಟ್‌ಗಳು. ಕೌಲ್ ಒಳಗೆ ಐವತ್ತು ವರ್ಷದ ಎಲೆ ಮಣ್ಣು ಕೂತಿರತ್ತೆ, ನೀರು ಹರಿದು ಹೋಗೋ ದಾರಿ ಮುಚ್ಚಿ ಒಳಗೇ ತುಂಬ್ಕೊಂಡು ತಗಡನ್ನ ತಿನ್ನತ್ತೆ. ಗ್ರಿಲ್ ಬಿಚ್ಚಿ ಕೈಗೆ ಸಿಗೋ ಅಷ್ಟೂ ತೆಗೀರಿ, ಆಮೇಲೆ ವ್ಯಾಕ್ಯೂಮ್ ಹಿಡೀರಿ. ಹಾಗೇ ಹೀಟರ್ ಕೋರ್‌ನೂ (ಎಂಜಿನ್ನಿನ ಬಿಸಿ ಕೂಲಂಟ್ ಹರಿಯೋ ಸಣ್ಣ ರೇಡಿಯೇಟರ್) ನೋಡಿ, ಪ್ಯಾಸೆಂಜರ್ ಕಡೆ ಒದ್ದೆ ಅಂದ್ರಲ್ಲ, ಮುಟ್ಟಿದ್ರೆ ಅಂಟಂಟು ಸಿಹಿ ವಾಸನೆ ಇದ್ರೆ ಅದು ಮಳೆ ನೀರಲ್ಲ, ಕೂಲಂಟ್.

ನೆಲ ಬರಿದಾದ್ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಕೊಂಡು ಹೋಗಿ. ಕಾಲಿಡೋ ಜಾಗ, ಕ್ಯಾಬ್ ಮೌಂಟ್ (ಕ್ಯಾಬ್ ಫ್ರೇಮಿಗೆ ಕೂರೋ ಕಡೆ) ಮೇಲಿನ ಜಾಗ, ಬಾಗಿಲ ಕೆಳಗಿನ ರಾಕರ್, ಹಿಂದಿನ ಮೂಲೆಗಳು. ಟಣ್ ಅಂದ್ರೆ ಒಳ್ಳೇದು, ಸದ್ದು ಮಂಕಾದ್ರೆ ಅಲ್ಲಿ ವೆಲ್ಡಿಂಗ್ ಕೆಲಸ ಇದೆ. ಹಳೇ ಪೇಂಟಲ್ಲಿ ಸೀಸ ಇರಬಹುದು, ಉಜ್ಜುವಾಗ ಒಳ್ಳೇ ಮಾಸ್ಕ್ ಹಾಕೊಳ್ಳಿ, ಆ ಧೂಳಿನ ಬಟ್ಟೇಲಿ ಮಗಳ ಹತ್ರ ಹೋಗ್ಬೇಡಿ.

ಇನ್ನು ಪೆಟ್ರೋಲ್ ವಾಸನೆ. ಈ ಟ್ರಕ್ ಗೊತ್ತಿಲ್ದೋರಿಗೆ ಹೇಳ್ತೀನಿ, 1967ರಿಂದ 72ರ ಪಿಕಪ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಕ್ಯಾಬ್ ಒಳಗೇ ಇದೆ, ಸೀಟಿನ ಬೆನ್ನ ಹಿಂದೆ ನಿಂತಿರತ್ತೆ, ಸುಮಾರು 20 ಗ್ಯಾಲನ್, ಅಂದ್ರೆ 75 ಲೀಟರ್ ಹತ್ರ. ಡ್ರೈವರ್ ಬಾಗಿಲ ಹಿಂದೆ ಮುಚ್ಚಳ. 1973ರಲ್ಲಿ ಹೊಸ ಮಾಡೆಲ್ ಬಂದಾಗ ಟ್ಯಾಂಕ್ ಕ್ಯಾಬಿಂದ ಹೊರಗೆ ಹೋಯ್ತು. ಟ್ಯಾಂಕ್ ತುಂಬಿದಾಗ ಮಾತ್ರ ವಾಸನೆ ಅಂದ್ರೆ ಸೋರಿಕೆ ಮೇಲ್ಭಾಗದಲ್ಲಿದೆ: ಫಿಲ್ಲರ್ ಕುತ್ತಿಗೆಯ ರಬ್ಬರ್ ಹೋಸ್, ವೆಂಟ್ ಹೋಸ್, ಇಲ್ಲಾ ಪೆಟ್ರೋಲ್ ಮಟ್ಟ ಗೇಜ್‌ಗೆ ತಿಳಿಸೋ ಸೆಂಡಿಂಗ್ ಯೂನಿಟ್ ಗ್ಯಾಸ್ಕೆಟ್. ಈಗಿನ ಪೆಟ್ರೋಲಲ್ಲಿ ಎಥನಾಲ್ ಇರೋದ್ರಿಂದ ಹಳೇ ರಬ್ಬರ್ ಬೇಗ ಬಿರುಕು ಬಿಡತ್ತೆ, ಎಥನಾಲ್ ತಡ್ಕೊಳೋ ಹೋಸೇ ತಗೋಬೇಕು.

ಮುಳ್ಳು ಫುಲ್ ದಾಟಿ ನಿಲ್ಲೋದಕ್ಕೂ ಕಾರಣ ಅಲ್ಲೇ ಇರಬಹುದು. ಆ ಕಾಲದ ಜಿಎಂ (ಜನರಲ್ ಮೋಟರ್ಸ್, ಶೆವ್ರೊಲೆ ಮಾಡೋ ಕಂಪನಿ) ಸೆಂಡರಿನ ರೆಸಿಸ್ಟೆನ್ಸ್ ಟ್ಯಾಂಕ್ ಖಾಲಿ ಇದ್ದಾಗ 0 ಓಮ್, ತುಂಬಿದಾಗ 90 ಓಮ್ ಸುತ್ತಮುತ್ತ. ವೈರ್ ತುಂಡಾಗಿದ್ರೆ ಅಥವಾ ಗ್ರೌಂಡ್ ಸಿಗದೇ ಇದ್ರೆ ಗೇಜ್‌ಗೆ 90ಕ್ಕಿಂತ ಎಷ್ಟೋ ಜಾಸ್ತಿ ಕಾಣತ್ತೆ, ಮುಳ್ಳು ಫುಲ್ ದಾಟಿ ಹೋಗತ್ತೆ. ಟ್ಯಾಂಕ್ ಇಳಿಸಿದಾಗ ಗ್ರೌಂಡ್ ವೈರ್ ಬುಡ ಉಜ್ಜಿ ಮೀಟರ್ ಹಿಡಿದು ನೋಡಿ, ಹೊಸ ಗೇಜ್ ತಗೊಳೋ ಮೊದ್ಲು.

ನನ್ನನ್ನ ಕೇಳಿದ್ರೆ ಮಗು ಕೂರೋ ಗಾಡಿ ಅಂದ್ಮೇಲೆ ಆ ಟ್ಯಾಂಕ್ ಒಳಗಿರೋದೇ ಬೇಡ. ಹಿಂದೆ ಫ್ರೇಮ್ ಮಧ್ಯೆ, ಸ್ಟೆಪ್ನಿ ಇರೋ ಜಾಗದಲ್ಲಿ ಟ್ಯಾಂಕ್ ಕೂರಿಸೋ ಕಿಟ್ ಸಿಗತ್ತೆ, 1973ರ ನಂತರದ ಶೆವ್ರೊಲೆ ಬ್ಲೇಜರ್ ಗಾಡಿಯ ಟ್ಯಾಂಕ್ ಹಾಕೋರೂ ಇದಾರೆ. ಸ್ಟೆಪ್ನಿಗೆ ಬೇರೆ ಜಾಗ ಹುಡುಕಬೇಕು ಅಷ್ಟೆ. ಸೀಟ್ ಹಿಂದೆ ಜಾಗ ಸಿಗತ್ತೆ, ವಾಸನೆ ಹೋಗತ್ತೆ, ರಾತ್ರಿ ನಿದ್ದೆ ಬರತ್ತೆ. ಹಳೇ ಟ್ಯಾಂಕ್ ಬಿಸಾಕ್ಬೇಡಿ, ತೊಳೆದು ಒಣಗಿಸಿ ಇಟ್ಕೊಳ್ಳಿ, ಮುಂದೆ ಯಾರಾದ್ರೂ ಕಂಪನಿಯಿಂದ ಬಂದ ಹಾಗೇ ಬೇಕು ಅಂದ್ರೆ ಇರಲಿ.

ಧಾರವಾಡ_ಫೀನಿಕ್ಸ್:

ನಮಸ್ಕಾರ್ರಿ. ನಾ ಫೀನಿಕ್ಸ್‌ನ್ಯಾಗ ಅದೀನಿ, ನನ್ ಕಡೆ 1970ರ ಜಿಎಂಸಿ ಐತಿ, ನಿಮ್ಮ ಗಾಡಿ ಜೋಡೀನ ಅದು. ಬ್ಯಾಸಗ್ಯಾಗ ಇಲ್ಲಿ 43 ಡಿಗ್ರಿ ದಾಟತೈತಿ, ಹಿಂಗಾಗಿ ಎಸಿ ಮತ್ತ ವೈರಿಂಗ್ ಬಗ್ಗೆ ನಾ ಹೇಳ್ತೀನಿ. ನೀರಿನ ಬಗ್ಗೆ ಮ್ಯಾಲಿನವ್ರು ಹೇಳಿದ್ದು ಖರೇ ಐತ್ರಿ, ಅದು ಮುಗಿಯೂತನಕ ಮುಂದ ಹೋಗಬ್ಯಾಡ್ರಿ.

ಸೀಟು ಟ್ಯಾಂಕು ಹೊರಗ ಬಂದಾಗನ ವೈರಿಂಗ್ ಮಾಡ್ಕೊಂಡು ಬಿಡ್ರಿ, ಆಮ್ಯಾಲೆ ಡ್ಯಾಶ್ ಕೆಳಗ ಬೆನ್ನ ಮ್ಯಾಲೆ ಮಲಕೊಂಡು ಮಾಡೂದು ಭಾಳ ತ್ರಾಸ. 1972ರ ಫ್ಯೂಸ್ ಬ್ಲಾಕ್ ಗಾಜಿನ ಫ್ಯೂಸಿಂದು, ಐವತ್ತು ವರ್ಷದಾಗ ಎಷ್ಟ್ ಮಂದಿ ಎಲ್ಲೆಲ್ಲಿ ವೈರ್ ಕೊಯ್ದು ಟೇಪ್ ಸುತ್ಯಾರೋ ನಿಮಗೂ ಗೊತ್ತಿಲ್ಲ ನಂಗೂ ಗೊತ್ತಿಲ್ಲ. ಅಮೆರಿಕನ್ ಆಟೊವೈರ್‌ನವ್ರು 69ರಿಂದ 72ರ ಟ್ರಕ್ಕಿಗಂತನ ಪೂರಾ ಹಾರ್ನೆಸ್ (ವೈರಿನ ಕಟ್ಟು) ಮಾಡ್ತಾರ, ಬ್ಲೇಡ್ ಫ್ಯೂಸ್ ಬರ್ತಾವ, ಎಸಿ ರೇಡಿಯೊಕ್ಕ ಬ್ಯಾರೆ ಬ್ಯಾರೆ ಲೈನ್ ಇರ್ತಾವ. ಹೆಡ್‌ಲೈಟಿನ ಕರೆಂಟ್ ಪೂರಾ ಡ್ಯಾಶಿನ ಸ್ವಿಚ್ ಮೂಲಕನ ಹೋಗತೈತಿ ಹಳೇ ಗಾಡ್ಯಾಗ, ಅದಕ್ಕ ಮುಂದ ಎರಡು ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಬಿಡೂ ಸ್ವಿಚ್) ಹಾಕ್ರಿ, ಸ್ವಿಚ್ ಕಾಯೂದಿಲ್ಲ, ಲೈಟೂ ಛಲೋ ಬೀಳತೈತಿ. ಮೀಟರಿನ ಹಿಂದ ತೆಳು ತಾಮ್ರದ ಪ್ರಿಂಟೆಡ್ ಸರ್ಕಿಟ್ ಐತಿ, ಭಾಳ ಹುಷಾರಿಲೆ ತಗೀರಿ, ಹರಿದ್ರ ಹೊಸಾದು ಸಿಗತೈತಿ ಆದ್ರ ಇದ್ದದ್ದು ಛಲೋ ಇದ್ರ ಪೆನ್ಸಿಲ್ ರಬ್ಬರಿಂದ ಬಲ್ಬ್ ಕೂಡೂ ಜಾಗ ಒರಸಿದ್ರ ಸಾಕು.

ಎಸಿಗೆ ಬರೂಣು. ಸ್ಯಾನ್ ಆಂಟೋನಿಯೊದ ವಿಂಟೇಜ್ ಏರ್ ನಿಮ್ಮ ರಾಜ್ಯದ್ದನ, ಅವ್ರ ಹತ್ರ ಈ ಟ್ರಕ್ಕಿಗೆ ಕಿಟ್ ಐತಿ. ಹೀಟರ್ ಎಸಿ ಎರಡೂ ಒಂದ ಡಬ್ಬಿ, ಡ್ಯಾಶ್ ಒಳಗ ಕೂಡತೈತಿ, ಹಳೇ ಹೀಟರ್ ಡಬ್ಬಿ ಹೊರಗ ಬರತೈತಿ. ಆರ್ಡರ್ ಮಾಡೂ ಮುಂದ ಕಂಪನಿ ಎಸಿ ಇಲ್ಲದ ಟ್ರಕ್ ಅಂತ ಸ್ಪಷ್ಟ ಹೇಳ್ರಿ. ಎಸಿ ಇದ್ದ ಟ್ರಕ್ಕಿನ ಡ್ಯಾಶಿಗೆ ವೆಂಟ್ ಇರ್ತಾವ, ನಿಮ್ಮದಕ್ಕ ಇರೂದಿಲ್ಲ, ಅದಕ್ಕ ಡ್ಯಾಶ್ ಕೆಳಗ ಕೂಡೂ ವೆಂಟ್ ಕೊಡ್ತಾರ. ಡ್ಯಾಶ್ ತಗಡು ಕೊಯ್ಯೂ ಅವಶ್ಯಕತೆ ಇಲ್ಲ, ದಯವಿಟ್ಟು ಕೊಯ್ಯಬ್ಯಾಡ್ರಿ. ಕೊಯ್ಯದ ಡ್ಯಾಶ್ ಸಿಗೂದ ಈಗ ಅಪರೂಪ.

ಎಸಿ ಹಾಕಿದ್ರ ಎಂಜಿನ್ ಕಡೆನೂ ಕೆಲಸ ಐತಿ. ಕಂಡೆನ್ಸರ್ ರೇಡಿಯೇಟರಿನ ಮುಂದ ಬರತೈತಿ, ಫ್ಯಾನಿಗೆ ಶ್ರೌಡ್ (ಸುತ್ತಲಿನ ಕವಚ) ಇಲ್ಲಂದ್ರ ಸಿಗ್ನಲ್‌ನ್ಯಾಗ ನಿಂತಾಗ ಎಂಜಿನ್ ಬಿಸಿ ಏರತೈತಿ, ಎಸಿನೂ ತಣ್ಣಗ ಬರೂದಿಲ್ಲ. ಕರೆಂಟ್ ಮಾಡೂ ಆಲ್ಟರ್ನೇಟರ್ ಹಳೇದು ಸಣ್ಣದು, 72ರತನಕ ಅದರ ವೋಲ್ಟೇಜ್ ರೆಗ್ಯುಲೇಟರ್ ಹೊರಗ ಬ್ಯಾರೆ ಡಬ್ಬಿ, 73ರಿಂದ ಆಲ್ಟರ್ನೇಟರ್ ಒಳಗನ ಬಂತು. 100 ಆಂಪ್‌ದ್ದು ಒಳಗ ರೆಗ್ಯುಲೇಟರ್ ಇದ್ದದ್ದು ಹಾಕ್ರಿ, ಅದರಿಂದ ಬ್ಯಾಟರಿಗೆ ದಪ್ಪ ವೈರ್ ಹೊಸದಾಗಿ ಎಳೀರಿ, ನಡುವ ದೊಡ್ಡ ಫ್ಯೂಸ್ ಇರ್ಲಿ. ಹಂಗ ಮಾಡಿದ ಮ್ಯಾಲೆ ಡ್ಯಾಶಿನ ಬ್ಯಾಟರಿ ಮುಳ್ಳು ಮೊದಲಿನಂಗ ತೋರ್ಸೂದಿಲ್ಲ, ಅದನ್ನ ವೋಲ್ಟ್‌ಮೀಟರ್ ಮಾಡಿಸ್ಬಹುದು, ಮುಖ ಹಳೇದನ ಇರತೈತಿ.

ಬಿಸಿಲಿಗೆ ಇನ್ನೊಂದು. ಮಂದಿ ನೆಲ ಗೋಡಿ ಪೂರಾ ಅಲ್ಯೂಮಿನಿಯಂ ಬ್ಯೂಟೈಲ್ ಶೀಟ್ ಅಂಟಿಸಿ ರೊಕ್ಕ ಸುಡ್ತಾರ. ಆ ಶೀಟಿನ ಕೆಲಸ ತಗಡು ನಡುಗೂದನ್ನ ನಿಲ್ಸೂದು, ಪ್ರತಿ ಪ್ಯಾನೆಲ್ಲಿನ ನಡುವ ಮೂರನೇ ಒಂದು ಭಾಗ ಅಂಟಿಸಿದ್ರ ಸಾಕು, ಬಡದು ನೋಡ್ರಿ, ಡಬಡಬ ಸಪ್ಪಳ ನಿಂತ್ರ ಆತು. ಕಾವು ತಡ್ಯೂದು ಅದರ ಮ್ಯಾಲೆ ಹಾಕೂ ಫೋಮ್. ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್ ತಗೋರಿ, ಸೆಣಬಿನ ಪ್ಯಾಡ್ ಬ್ಯಾಡ, ಅದು ಒಮ್ಮೆ ಒದ್ದಿ ಆದ್ರ ವಾರಗಟ್ಲೆ ಒಣಗೂದಿಲ್ಲ. ಛಾವಣಿಗೂ ಬಾಗಿಲಿಗೂ ಹಾಕ್ರಿ, ಛಾವಣಿಯಿಂದನೂ ಕಾವು ಬರತೈತಿ. ಛಾವಣಿ ಸಲುವಾಗಿ ಕಟ್ಟಡಕ್ಕ ಹಾಕೂ ಡಾಂಬರಿನ ಶೀಟ್ ಅಗ್ಗ ಅಂತ ತರಬ್ಯಾಡ್ರಿ, ಟೆಕ್ಸಸ್ ಬಿಸಿಲಿಗೆ ಕರಗಿ ತಲಿ ಮ್ಯಾಲೆ ಬೀಳತೈತಿ.

ರೆಕ್ಸಿನ್_ಕೆಲಸ:

ಬೆಂಗಳೂರಿಂದ. ನಾನು ಅಮೆರಿಕದ ಟ್ರಕ್ ಮುಟ್ಟಿಲ್ಲ ಸರ್, ಆದ್ರೆ ಜೆ.ಸಿ. ರಸ್ತೆ ಹತ್ರ ಹಳೇ ಗಾಡಿ ಸೀಟ್ ಕೆಲಸ ಮಾಡ್ತೀನಿ, ಅಂಬಾಸಿಡರ್, ವಿಲ್ಲಿಸ್ ಜೀಪು, ಹಳೇ ಫಿಯಟ್ ಎಲ್ಲಾ ಬರತ್ತೆ. ಬೆಂಚ್ ಸೀಟ್ ಎಲ್ಲಾದ್ರಲ್ಲೂ ಒಂದೇ ಲೆಕ್ಕ: ಕಬ್ಬಿಣದ ಫ್ರೇಮ್, ಸ್ಪ್ರಿಂಗ್, ಸ್ಪ್ರಿಂಗ್ ಮೇಲೆ ಗೋಣಿ, ಅದ್ರ ಮೇಲೆ ಹತ್ತಿ ಅಥವಾ ಫೋಮ್, ಮೇಲೆ ಕವರ್.

ಜನ ಕವರ್ ನೋಡ್ತಾರೆ, ಸೀಟ್ ಕೂರೋಕೆ ಚೆನ್ನಾಗಿರೋದು ಕೆಳಗಿಂದ. ಕವರ್ ಕಿತ್ತ ಮೇಲೆ ಫ್ರೇಮ್ ಬಿರುಕು ಬಿಟ್ಟಿದ್ಯಾ ನೋಡಿ, ಡ್ರೈವರ್ ಹತ್ತಿ ಇಳಿಯೋ ಕಡೆ ಮೂಲೆ ಸಾಮಾನ್ಯವಾಗಿ ಹೋಗಿರತ್ತೆ, ಅಲ್ಲಿ ವೆಲ್ಡ್ ಮಾಡ್ಸಿ. ತುಂಡಾದ ಸ್ಪ್ರಿಂಗ್ ಬದಲಾಯ್ಸಿ, ತಂತಿ ಸುತ್ತಿ ಅಡ್ಜಸ್ಟ್ ಮಾಡಿದ್ರೆ ಮತ್ತೆ ಬಿಡತ್ತೆ. ಸ್ಪ್ರಿಂಗ್ ಮತ್ತೆ ಫೋಮ್ ಮಧ್ಯೆ ಗಟ್ಟಿ ಬಟ್ಟೆ ಇರ್ಲೇಬೇಕು ಸರ್, ಇಲ್ಲಾಂದ್ರೆ ಸ್ಪ್ರಿಂಗು ಫೋಮನ್ನ ಕೊರೆದು ಮೇಲೆ ಬರತ್ತೆ, ನಿಮ್ಮ ಸೀಟಲ್ಲಿ ಆಗಿರೋದೂ ಅದೇ ಇರ್ಬೇಕು.

ಕವರ್ ಹಿಡಿಯೋದು ಹಾಗ್ ರಿಂಗ್ (ಒತ್ತಿ ಮುಚ್ಚೋ ತಂತಿ ಉಂಗುರ), ಅದಕ್ಕೆ ಅದರದೇ ಇಕ್ಕಳ ತಗೊಳ್ಳಿ, ಸಾದಾ ಇಕ್ಕಳದಲ್ಲಿ ಕೈ ಹೋಗತ್ತೆ ಕೆಲಸನೂ ನೀಟಾಗಲ್ಲ. ಹಳೇ ಕವರ್ ಒಳಗಿರೋ ಉದ್ದ ಕಂಬಿಗಳನ್ನ ಬಿಸಾಕ್ಬೇಡಿ, ಹೊಸ ಕವರಿಗೆ ಅವೇ ಬೇಕು. ಹೊಸ ಕವರ್ ಬಿಸಿಲಲ್ಲಿ ಅರ್ಧ ಗಂಟೆ ಹರಡಿಟ್ಟು ಬೆಚ್ಚಗಾದ್ಮೇಲೆ ಎಳೀರಿ, ರೆಕ್ಸಿನ್ ಮೆತ್ತಗಾಗಿ ಬರತ್ತೆ, ನಡುವಿಂದ ಶುರು ಮಾಡಿ ಎರಡೂ ಕಡೆ ಸಮ ಹೋಗಿ. ಒಂದು ಕಡೆ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಕಡೆ ಅಂದ್ರೆ ನೆರಿಗೆ ಹೋಗಲ್ಲ. ಹೊಲಿಸೋದಾದ್ರೆ ಪಾಲಿಯೆಸ್ಟರ್ ದಾರ ಅಂತ ಹೇಳಿ, ನೈಲಾನ್ ಬಿಸಿಲಿಗೆ ಬೇಗ ಸೋಲತ್ತೆ.

ಆ ಕಾಲದ ಫೋಟೋ ನೋಡಿದೀನಿ, 71 72ರ ಟ್ರಕ್ಕಿಗೆ ಕಪ್ಪು ಬಿಳಿ ಹೌಂಡ್ಸ್‌ಟೂತ್ (ಮೂಲೆ ಚೂಪಾದ ಸಣ್ಣ ಚೌಕಗಳ ಡಿಸೈನ್) ಬಟ್ಟೆ ಸೀಟ್ ಇತ್ತಲ್ಲ, ಅದೇ ಹಾಕಿ ಸರ್. ನಡುವೆ ಬಟ್ಟೆ, ಅಂಚಿಗೆ ರೆಕ್ಸಿನ್. ಸೆಕೆಗೆ ಬೆನ್ನು ಅಂಟಲ್ಲ, ನೋಡೋಕೂ ಅಷ್ಟು ಚೆನ್ನಾಗಿರೋ ಬೆಂಚ್ ಸೀಟ್ ನಾನು ಬೇರೆ ನೋಡಿಲ್ಲ. ಇಲ್ಲಿಂದ ಹೊಲಿಸ್ಕೊಂಡು ತರಿಸೋ ಯೋಚನೆ ಇದ್ರೆ ಬೇಡ, ನಿಮ್ಮಲ್ಲೇ ಆ ಗಾಡಿಗೆ ಅಳತೆಗೆ ಕತ್ತರಿಸಿದ್ದು ಸಿಗುವಾಗ ಇಲ್ಲಿ ಅಳತೆ ಇಲ್ದೆ ಹೊಲಿಯೋದು ಸರಿ ಬರಲ್ಲ.

ಪ್ಲೇನೋ72:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟೊಂದು ಬರೀತೀರ ಅಂದ್ಕೊಂಡಿರ್ಲಿಲ್ಲ. ಸೀಟ್ ಆರ್ಡರ್ ನಿಲ್ಸಿದೀನಿ. ಇವತ್ತೇ ಸೀಟ್ ಹೊರಗೆ ತೆಗೆದು ನೋಡ್ದೆ, ನೀರು ಪ್ಯಾಸೆಂಜರ್ ಕಡೆ ಕಿಕ್ ವೆಂಟ್ ಇಂದ ಬರ್ತಿದೆ, ಅಂಟು ಇಲ್ಲ, ಸಿಹಿ ವಾಸನೆ ಇಲ್ಲ. ಟ್ಯಾಂಕ್ ಹಿಂದಕ್ಕೆ ಹಾಕೋದು ಅಂತ ನಿರ್ಧಾರ ಮಾಡಿ ಆಯ್ತು. ಗ್ಲೋವ್ ಬಾಕ್ಸ್ ಬಾಗಿಲ ಒಳಗಡೆ ಒಂದು ಹಳೇ ಸ್ಟಿಕ್ಕರ್ ಇದೆ, ತುಂಬಾ ಕೋಡ್‌ಗಳಿವೆ, ಅದು ಏನು? ಮತ್ತೆ ಬೆಲ್ಟ್ ಬಗ್ಗೆ ಯಾರೂ ಹೇಳ್ಲಿಲ್ಲ, ನಂಗೆ ಅದೇ ಮುಖ್ಯ.

ಹಳೇಕಬ್ಬಿಣ:

ಆ ಸ್ಟಿಕ್ಕರ್ ಮುಟ್ಬೇಡಿ, ಒರೆಸ್ಬೇಡಿ, ಮೊದ್ಲು ಫೋಟೋ ತೆಗೀರಿ. ಅದು ಸರ್ವಿಸ್ ಪಾರ್ಟ್ಸ್ ಐಡೆಂಟಿಫಿಕೇಶನ್ ಲೇಬಲ್, ನಿಮ್ಮ ಟ್ರಕ್ ಫ್ಯಾಕ್ಟರಿಯಿಂದ ಹೊರಟಾಗ ಏನೇನು ಆಪ್ಷನ್ ಇತ್ತು ಅಂತ ಕೋಡಲ್ಲಿ ಬರ್ದಿದಾರೆ. ಎಷ್ಟೋ ಟ್ರಕ್‌ಗಳಲ್ಲಿ ಅದು ಉಳಿದೇ ಇಲ್ಲ. ವಿಐಎನ್ (ಗಾಡಿಯ ಗುರುತಿನ ನಂಬರ್) ಜೊತೆ ತಾಳೆ ಮಾಡಿ: 1972ರ ಅರ್ಧ ಟನ್ ಶೆವ್ರೊಲೆ ವಿ8 ಪಿಕಪ್ ಆದ್ರೆ ಸಿಸಿಇ142 ಅಂತ ಶುರು ಆಗ್ಬೇಕು, ಮೂರನೇ ಅಕ್ಷರ ಇ ಇದ್ರೆ ವಿ8, ಎಸ್ ಇದ್ರೆ ಆರು ಸಿಲಿಂಡರ್. ಡ್ಯಾಶ್ ಪೇಂಟ್ ಮಾಡುವಾಗ ಗ್ಲೋವ್ ಬಾಕ್ಸ್ ಬಾಗಿಲು ಬಿಚ್ಚಿ ಒಳಭಾಗಕ್ಕೆ ಕಾಗದ ಮುಚ್ಚಿ ಮಾಡಿ.

ಇನ್ನು ಬೆಲ್ಟ್, ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಸಿಲ್ವರಾಡೊ ಸೀಟ್ ಸಲಹೆ ನಂಗೆ ಒಪ್ಪಿಗೆ ಇಲ್ಲ. 1999ರಿಂದ 2006ರ ಎಕ್ಸ್‌ಟೆಂಡೆಡ್ ಕ್ಯಾಬ್ ಸೀಟಲ್ಲಿ ಬೆಲ್ಟ್ ಸೀಟಿಗೇ ಜೋಡಿಸಿದೆ ನಿಜ, ಆದ್ರೆ ಆ ಗಾಡಿಯ ನೆಲ ಆ ಭಾರಕ್ಕಂತಲೇ ಮಾಡಿರೋದು. ಆಕ್ಸಿಡೆಂಟ್ ಆದ್ರೆ ಮನುಷ್ಯನ ಭಾರ ಸೀಟಿನ ಭಾರ ಎರಡೂ ಸೇರಿ ನಾಲ್ಕು ಬೋಲ್ಟ್ ಮೇಲೆ ಬರತ್ತೆ, ನಿಮ್ಮ 1972ರ ತೆಳು ತಗಡಿನ ನೆಲದಲ್ಲಿ ಆ ಬೋಲ್ಟ್ ಕಿತ್ಕೊಂಡು ಬರತ್ತೆ. ಅಡಿಗೆ ಸರಿಯಾದ ಚೌಕಟ್ಟು ಕಟ್ಟದೇ ಆ ಸೀಟ್ ಹಾಕಿರೋ ಟ್ರಕ್ಕಲ್ಲಿ ನಾನು ಮಗು ಕೂರಿಸಲ್ಲ.

ಹಳೇ ಬೆಂಚ್ ಇಟ್ಕೊಂಡೇ ಮೂರು ಪಾಯಿಂಟ್ ರಿಟ್ರ್ಯಾಕ್ಟರ್ ಬೆಲ್ಟ್ (ಸೊಂಟ ಭುಜ ಎರಡೂ ಹಿಡಿಯೋದು, ತಾನೇ ಒಳಗೆ ಸುತ್ಕೊಳೋದು) ಹಾಕಿ, ಈ ಕ್ಯಾಬ್‌ಗಂತಲೇ ಕಿಟ್ ಸಿಗತ್ತೆ. ಮೇಲಿನ ಪಾಯಿಂಟ್ ಬಾಗಿಲ ಹಿಂದಿನ ಕಂಬದಲ್ಲಿ ಬರತ್ತೆ, ಅಲ್ಲಿ ಪೇಂಟ್ ಕೆಳಗೆ ನಟ್ ಇದ್ಯಾ ನೋಡಿ, ಇಲ್ದೇ ಇದ್ರೆ ದಪ್ಪ ಪ್ಲೇಟ್‌ಗೆ ನಟ್ ವೆಲ್ಡ್ ಮಾಡಿ ಒಳಗಿಂದ ಕೂರಿಸ್ಬೇಕು. ಬರೀ ತಗಡಿಗೆ ದೊಡ್ಡ ವಾಷರ್ ಇಟ್ಟು ಬಿಗಿಯೋದು ಬೇಡ. ಬೋಲ್ಟ್ 7/16 ಇಂಚು, ಇಂಚಿಗೆ 20 ಥ್ರೆಡ್, ಬೆಲ್ಟಿನ ಜೊತೆ ಬರೋದನ್ನೇ ಹಾಕಿ, ಅಂಗಡಿ ಬೋಲ್ಟ್ ಬೇಡ. ಮೇಲಿನ ಪಾಯಿಂಟ್ ಕೂತವರ ಭುಜದ ಮಟ್ಟಕ್ಕೆ ಅಥವಾ ಸ್ವಲ್ಪ ಮೇಲಿರ್ಬೇಕು, ಕೆಳಗಿದ್ರೆ ಬೆಲ್ಟ್ ಬೆನ್ನುಮೂಳೆಯನ್ನ ಕೆಳಕ್ಕೆ ಒತ್ತತ್ತೆ. ಇದೊಂದು ಕೆಲಸ ಮಾತ್ರ ವೆಲ್ಡಿಂಗ್ ಚೆನ್ನಾಗಿ ಗೊತ್ತಿರೋರ ಹತ್ರ ಮಾಡ್ಸಿ, ನೆಲದ ತುಕ್ಕು ಸರಿ ಮಾಡೋ ದಿನವೇ ಮಾಡಿಸಿದ್ರೆ ಎರಡು ಸಲ ಓಡಾಟ ತಪ್ಪತ್ತೆ.

ಮಗಳ ವಿಷಯ. ಟೆಕ್ಸಸ್‌ನಲ್ಲಿ 8 ವರ್ಷದೊಳಗಿನ ಮಕ್ಕಳು 4 ಅಡಿ 9 ಇಂಚು ಎತ್ತರ ಇಲ್ದೇ ಇದ್ರೆ ಚೈಲ್ಡ್ ಸೀಟ್ ಅಥವಾ ಬೂಸ್ಟರ್ (ಮಗುವನ್ನ ಎತ್ತರಕ್ಕೆ ಕೂರಿಸೋ ಸೀಟ್) ಕಡ್ಡಾಯ. ಬೂಸ್ಟರ್‌ಗೆ ಸೊಂಟ ಭುಜ ಎರಡರ ಬೆಲ್ಟೂ ಬೇಕೇ ಬೇಕು, ಬರೀ ಸೊಂಟದ ಬೆಲ್ಟಲ್ಲಿ ಬೂಸ್ಟರ್ ಇಟ್ರೆ ಮಗು ಮುಂದಕ್ಕೆ ಮಡಚಿಕೊಳ್ಳತ್ತೆ, ತಲೆ ನೇರ ಡ್ಯಾಶಿಗೆ. ಹಾಗಾಗಿ ಬೆಲ್ಟ್ ಆಗೋವರೆಗೆ ನೀವು ಕೂರಿಸ್ದೇ ಇರೋದು ಸರಿ. ನಡುವಿನ ಸೀಟಿಗೆ ಸೊಂಟದ ಬೆಲ್ಟೇ ಉಳಿಯೋದ್ರಿಂದ ಅವಳು ಕಿಟಕಿ ಕಡೆನೇ ಕೂರ್ಬೇಕು.

ಧಾರವಾಡ_ಫೀನಿಕ್ಸ್:

ಬೆಲ್ಟಿನ ಮಾತಿಗೆ ನನ್ನ ಪೂರಾ ಒಪ್ಪಿಗಿ ಐತ್ರಿ. ಅದಕ್ಕ ಒಂದು ಕೂಡಸ್ತೀನಿ, ಈ ಬೆಂಚಿಗೆ ತಲಿ ಆಸರೆ ಇಲ್ಲ, ಹಿಂದ ನೇರ ಗಾಜು. ನೀವು ಟ್ಯಾಂಕ್ ತಗದ ಮ್ಯಾಲೆ ಹಿಂದ ಜಾಗ ಆಗತೈತಿ, ಹೆಡ್‌ರೆಸ್ಟ್ ಇದ್ದ ಬೆಂಚ್ ಈ ಟ್ರಕ್ಕಿನ ಅಳತಿಗೇ ಮಾಡ್ತಾರ, ಸೀಟ್ ಮಾಡೂ ಟಿಎಂಐ ಕಂಪನಿಯವ್ರದು ಒಮ್ಮೆ ನೋಡ್ರಿ. ಹೌಂಡ್ಸ್‌ಟೂತ್ ಬಟ್ಟಿ ಅದಕ್ಕೂ ಹಾಕಿಸ್ಬಹುದು. ಮಗಳು ಕೂಡೂ ಗಾಡಿ ಅಂದ ಮ್ಯಾಲೆ ಹಳೇ ಬೆಂಚ್ ಚಂದ ಅಂತ ಹಟ ಬ್ಯಾಡ ಅನಸ್ತೈತಿ ನಂಗ, ಮ್ಯಾಲಿನ ಬೆಂಗಳೂರು ಅಣ್ಣಾರು ಸಿಟ್ಟಾಗಬಾರ್ದು.

ಹಾಡಿನ ಬಗ್ಗೆ: ಡ್ಯಾಶ್ ಕೊಯ್ಯದ ಹಂಗ ಹಳೇ ರೇಡಿಯೊ ತೂತಿಗೇ ಕೂಡೂ ಬ್ಲೂಟೂತ್ ರೇಡಿಯೊ ರೆಟ್ರೊಸೌಂಡ್‌ನವ್ರದು ಐತಿ, ಎರಡು ನಾಬ್ ನಡುವಿನ ಅಂತರ ಹೊಂದಿಸ್ಬಹುದು. ಹಳೇ ರೇಡಿಯೊ ಕಾಣಬೇಕಂದ್ರ ಅದನ್ನ ಹಂಗ ಬಿಟ್ಟು ಸಣ್ಣ ಬ್ಲೂಟೂತ್ ಆಂಪ್ ಗ್ಲೋವ್ ಬಾಕ್ಸ್ ಹಿಂದ ಇಡ್ರಿ. ಡ್ಯಾಶ್ ನಡುವ ಸ್ಪೀಕರ್ ಜಾಗ 4×10 ಇಂಚಿಂದು ಒಂದ ಇರೂದು, ಅಲ್ಲಿ ಎರಡು ಕಾಯಿಲ್ ಇದ್ದ ಸ್ಪೀಕರ್ ಹಾಕಿದ್ರ ಎಡ ಬಲ ಎರಡೂ ಚಾನೆಲ್ ಅದರಾಗನ ಬರ್ತಾವ. ಬಾಗಿಲಿಗೆ ತೂತು ಹೊಡೀಬ್ಯಾಡ್ರಿ.

ರೆಕ್ಸಿನ್_ಕೆಲಸ:

ಸಿಟ್ಟೇನಿಲ್ಲ ಸರ್, ಮಗು ಅಂದ್ಮೇಲೆ ತಲೆ ಆಸರೆ ಇರೋ ಸೀಟೇ ಸರಿ. ಹಳೇ ಬೆಂಚ್ ಮಾತ್ರ ಮಾರ್ಬೇಡಿ, ಒಣ ಜಾಗದಲ್ಲಿ ನೆಲಕ್ಕೆ ತಾಗದ ಹಾಗೆ ಇಡಿ, ಫ್ರೇಮಿಗೆ ತುಕ್ಕು ಹಿಡಿಯದ ಪೇಂಟ್ ಒಂದ್ ಕೋಟ್ ಹೊಡೀರಿ. ಡ್ಯಾಶ್ ಪ್ಯಾಡ್ ಸೀಳಿದ್ದಕ್ಕೆ ಮೇಲೆ ಕೂರಿಸೋ ಪ್ಲಾಸ್ಟಿಕ್ ಮುಚ್ಚಳ ಮಾರ್ತಾರೆ, ಅದು ಬೇಡ, ಬಿಸಿಲಿಗೆ ಎದ್ದು ಬರತ್ತೆ, ಪೂರ್ತಿ ಹೊಸ ಪ್ಯಾಡೇ ತಗೊಳ್ಳಿ. ಬಣ್ಣ ಸೀಟಿನ ರೆಕ್ಸಿನ್‌ಗೆ ಹೊಂದದೇ ಇದ್ರೆ ವಿನೈಲ್‌ಗೆ ಹೊಡೆಯೋ ಪೇಂಟ್ ಬರತ್ತೆ, ಸ್ಪ್ರೇ ಮಾಡೋ ಮುಂಚೆ ಅದಕ್ಕಂತಲೇ ಇರೋ ಕ್ಲೀನರಲ್ಲಿ ಒರೆಸಿ ಜಿಡ್ಡು ಪೂರ್ತಿ ತೆಗೀಬೇಕು, ತೆಳ್ಳಗೆ ಮೂರು ನಾಲ್ಕು ಸಲ ಹೊಡೀಬೇಕು.

ಪ್ಲೇನೋ72:

ಸರಿ, ಹಾಗಾದ್ರೆ ಕಿಕ್ ವೆಂಟ್ ಮತ್ತೆ ಕೌಲ್ ಮೊದ್ಲು, ಆಮೇಲೆ ಟ್ಯಾಂಕ್ ಹೊರಗೆ ತೆಗೆದು ನೆಲದ ವೆಲ್ಡಿಂಗ್ ಮತ್ತೆ ಬೆಲ್ಟ್ ಪ್ಲೇಟ್ ಒಟ್ಟಿಗೆ, ಟ್ಯಾಂಕ್ ಹಿಂದಕ್ಕೆ, ವೈರಿಂಗ್, ಎಸಿ, ಸೀಟ್ ಕೊನೆಗೆ. ಹೆಡ್‌ರೆಸ್ಟ್ ಇರೋ ಬೆಂಚೇ ತಗೋತೀನಿ, ಹೌಂಡ್ಸ್‌ಟೂತ್ ಬಟ್ಟೆ ಹಾಕಿಸ್ತೀನಿ. ಡಲ್ಲಾಸ್ ಸುತ್ತಮುತ್ತ ತಗಡಿನ ವೆಲ್ಡಿಂಗ್ ಚೆನ್ನಾಗಿ ಮಾಡೋರು ಯಾರಾದ್ರೂ ಗೊತ್ತಿದ್ರೆ ದಯವಿಟ್ಟು ಮೆಸೇಜ್ ಮಾಡಿ.